ಮಾವನ ಚುಟ್ಟದ ಡಬ್ಬಿ

ಆ ಡಬ್ಬಿ ಹಿತ್ತಾಳೆಯದೋ ಬರೀ ತಗಡಿನದೋ, ಖಚಿತವಾಗಿ ಹೇಳಲಾರೆ. ನೆನಪನ್ನು ನಂಬಬೇಡ ಎಂಬುದನ್ನು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪಾಠವಾಗಿ ಓದಿ ಬಂದವನು ನಾನು, ನನ್ನದನ್ನಂತೂ ನಂಬುವುದಿಲ್ಲ. ಹೋದ ತಿಂಗಳು ಗೆಳೆಯನೊಬ್ಬ ವಿದೇಶದಿಂದ ತಂದ ಸಿಗಾರ್ ಕೊಟ್ಟಾಗ, ಒಂದು ಸಲ ಎಳೆದವನೇ "ಎಲೆ ಒಣಗಿದೆ, ನಾಲಗೆ ಕಚ್ಚುತ್ತೆ" ಎಂದುಬಿಟ್ಟೆ. "ಇಷ್ಟು ರುಚಿ ಎಲ್ಲಿ ಕಲಿತೆಯೋ?" ಎಂದ. "ನಾನೇ ಕಲಿತೆ" ಎಂದೆ. ಹೇಳುವಾಗ ಅದು ನಿಜವೆಂದೇ ತಿಳಿದಿದ್ದೆ.

ಎಪ್ಪತ್ತರ ದಶಕದ ಮಾತು. ಸೋದರಮಾವನ ಮಗಳು ಗೌರಿ ಮದುವೆಯಾಗಿ ಗಂಡನ ಮನೆಗೆ ಹೋದ ಮರುವರ್ಷ ನನಗೆ ಚಿತ್ರದುರ್ಗದ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಐಮಂಗಲದ ಮಾವನ ಮನೆಗೆ. ಜೇಬಿನಲ್ಲಿ ಫಿಲ್ಟರ್ ಸಿಗರೇಟು, ತಲೆಯಲ್ಲಿ ಎಂ.ಎ.

ಮಾವ ಕುರಿ ಸಾಕಿದವರು, ಮಾತು ಕಡಿಮೆ. ಒಮ್ಮೆ ನನ್ನ ಅಂಗಿಯ ವಾಸನೆ ಹಿಡಿದರೇನೋ, ಗೋಡೆಗೆ ಹೇಳುವಂತೆ, "ಈ ಬಿಳೀ ಕಡ್ಡಿ ಸೇದೋದೂ ಒಂದೇ, ಒಲೆ ಊದೋದೂ ಒಂದೇ" ಎಂದರು. ಹಿರಿಯರೆದುರು ಹೊಗೆ ಬಿಡುವಂತಿಲ್ಲ, ಸೇದುತ್ತೇನೆಂದು ಒಪ್ಪುವಂತೆಯೂ ಇಲ್ಲ. ಜೇಬಿನ ಮೇಲೆ ಕೈಯಿಟ್ಟು ಮುಚ್ಚಿಕೊಂಡೆ.

ಊಟವಾದ ಮೇಲೆ ಮಾವ "ರೊಪ್ಪದ ತಾವ ಹೋಗ್ಬರ್ತೀನಿ, ಕುಂತಿರಪ್ಪ" ಎಂದು ಕುರಿಗಳ ಕಡೆ ನಡೆಯುತ್ತಿದ್ದರು. ಚುಟ್ಟದ ಡಬ್ಬಿ ಜಗಲಿಯ ಮೇಲೆ ಉಳಿಯುತ್ತಿತ್ತು. ಮರೆತರು ಎಂದುಕೊಂಡು ಒಂದು ಎಗರಿಸಿದೆ. ಸಿಗರೇಟಿನ ಹಾಗೆ ಎದೆಗೆಳೆದವನಿಗೆ ಅಂಗಳದ ಬೇವಿನ ಮರ ಎರಡಾಗಿ ಕಂಡಿತು. ಅತ್ತೆಯ ಮುದ್ದೆಯೆಲ್ಲ ಹಿತ್ತಲ ಪಾಲಾಯಿತು. ಮುಂದಿನ ವಾರ ಡಬ್ಬಿಯಲ್ಲಿ ಕಿರುಬೆರಳಿಗಿಂತ ತೆಳುವಾದವು ಇದ್ದವು. ಹೊಗೆಯನ್ನು ಬಾಯಲ್ಲೇ ಹೊರಳಿಸಿ ಬಿಡುವುದನ್ನು ಅವುಗಳಲ್ಲಿ ಕಲಿತೆ. ಕೆಲವು ತಿಂಗಳ ಮೇಲೆ ತುಸು ದಪ್ಪ, ಬೆಲ್ಲದ ಪಾಕದ ವಾಸನೆಯವು. ವರ್ಷ ಕಳೆಯುವ ಹೊತ್ತಿಗೆ ಕರ್ರಗಿನ, ಕಾರದ, ನಿಧಾನಕ್ಕೆ ಉರಿಯುವವು. ವಯಸ್ಸಾಯಿತಲ್ಲ, ಮಾವನ ನಾಲಗೆ ಬದಲಾಗುತ್ತಿದೆ ಎಂದುಕೊಂಡೆ. ವಾಪಸು ಬರುವಾಗ ಅವರು ಬೇಲಿಯ ಹತ್ತಿರ ಜೋರಾಗಿ ಕೆಮ್ಮುತ್ತಿದ್ದರು. ಚುಟ್ಟದ ಕೆಮ್ಮು, ಪಾಪ, ಎಂದು ಮರುಗುತ್ತಲೇ ನನ್ನ ಕೆಂಡ ಆರಿಸುತ್ತಿದ್ದೆ.

ಒಂದೇ ಒಂದು ಸಲ ಕೇಳಿದರು: "ಏನಪ್ಪ, ಈ ಸಲದ ಎಲೆ ಹೆಂಗೈತಂತೆ?"

"ನಂಗೇನ್ ಗೊತ್ತು ಮಾವ, ಸೇದೋರು ನೀವು."

ಮಾವ ನಕ್ಕರೋ, ಸುಮ್ಮನೆ ಆ ಕಡೆ ತಿರುಗಿದರೋ. ಆ ಮುಖ ನೆನೆದಾಗಲೆಲ್ಲ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ. ಆಮೇಲೆ ನನಗೆ ದೂರದ ಊರಿಗೆ ವರ್ಗವಾಯಿತು. ಮತ್ತೆ ಬರುವಷ್ಟರಲ್ಲಿ ಮಾವ ಇರಲಿಲ್ಲ.

ಸಿಗಾರಿನ ನೆಪದಲ್ಲಿ ಹಳೆಯ ಕಳ್ಳತನದ ಕತೆ ಹೇಳಿ ನಗಿಸೋಣವೆಂದು ಮೊನ್ನೆ ಅತ್ತೆಯ ಹತ್ತಿರ ಹೋದೆ. ಅತ್ತೆ ನಗಲಿಲ್ಲ.

"ಯಾರ ಚುಟ್ಟ ಕದ್ದೆ? ನಿಮ್ಮಾವ ಗೌರಿ ಮದುವಿಗಿಂತ ಮುಂಚೆನೇ ಬಿಟ್ಟಿದ್ರು ಕಣಪ್ಪ, ದಮ್ಮು ಎದ್ದಿತ್ತಲ್ಲ. ಹಿರಿಯೂರಿಗೆ ಹೋಗಿ ನಿಂಗಂತ ತರೋರು. ಯಾಕ್ರೀ ಈ ನಾಟಕ ಅಂದ್ರೆ, ನಾಚ್ಕಂತಾನೆ, ಒಂದಿನ ತಾನೇ ಬಾಯಿಬಿಟ್ಟು ಹೇಳ್ತಾನೆ ಬಿಡು, ಅನ್ನೋರು."

ಎಂಬತ್ತು ದಾಟಿದ ನೆನಪು, ತಪ್ಪಿರಬಹುದು ಎಂದಿತು ನನ್ನ ಓದು. ತಪ್ಪಿರಲಿ ಎಂದೂ ಆಸೆಪಟ್ಟೆ. ಗೌರಿ ಹೊಳಲ್ಕೆರೆಯಲ್ಲಿದ್ದಾಳೆ. ಅತ್ತೆ ಹೇಳಿದ್ದನ್ನು ಬಚ್ಚಿಟ್ಟು ಅವಳನ್ನು ಕೇಳಿದೆ. "ಮದುವೆ ದಿನ ಬೀಗರು ಎಲೆಅಡಿಕೆ ತಟ್ಟೆಯಾಗೆ ಚುಟ್ಟ ಇಟ್ಟು ಕೊಟ್ರೆ, ಬಿಟ್ಟೀನ್ರಿ ಅಂತ ಅಪ್ಪ ವಾಪಸ್ ಸರಿಸಿದ್ರು. ನಾನು ಪಕ್ಕದಾಗೇ ಕುಂತಿದ್ದೆ" ಎಂದಳು.

ಡಬ್ಬಿ ಹಿತ್ತಾಳೆಯದೋ ತಗಡಿನದೋ ಈಗಲೂ ಗೊತ್ತಿಲ್ಲ. ಅದರಲ್ಲಿ ಮಾವನ ಚುಟ್ಟ ಒಂದೂ ಇರಲಿಲ್ಲ ಎಂಬುದು ಮಾತ್ರ ಖಚಿತ.