ಹೆತ್ತವಳ ಬಾಗಿಲು ತಪ್ಪಿಸದ ಅಮ್ಮಾಜಮ್ಮ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇನ್ನೂ ನಸುಗತ್ತಲೆ. ಮಾರಿಕುಪ್ಪಂ ಗಾಡಿ ಬಂದು ನಿಂತಿದೆ. ಎರಡು ಹಾಲಿನ ಕ್ಯಾನುಗಳನ್ನು ಮೊದಲು ಬಾಗಿಲೊಳಗೆ ತಳ್ಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು ಹತ್ತುತ್ತಾರೆ ಅಮ್ಮಾಜಮ್ಮ. ವಯಸ್ಸು ಐವತ್ತರ ಹತ್ತಿರ. ಒಳಗೆ ಕಾರ್ಖಾನೆಯ ಮೊದಲ ಪಾಳಿಗೆ ಹೊರಟವರು ತೂಕಡಿಸುತ್ತಿದ್ದಾರೆ. ಅವರಲ್ಲೊಬ್ಬರಾದ ಹನುಮಂತರಾಯಪ್ಪ ಕಾಲು ಮಡಚಿ ಜಾಗ ಬಿಟ್ಟುಕೊಡುತ್ತಲೇ ಕೆಣಕುತ್ತಾರೆ.

“ಏನಮ್ಮಾ, ಇವತ್ತು ಕ್ಯಾನು ಬಲು ಭಾರ ಇದ್ದಂಗಿದೆ. ಹಸು ಜಾಸ್ತಿ ಕರೀತೋ, ಕೆರೆ ತುಂಬ್ತೋ?”

“ಕೆರೆ ಒಣಗಿ ಎಷ್ಟು ದಿನ ಆಯ್ತು. ನಿಮ್ಮ ಕಾರ್ಖಾನೆ ನಲ್ಲೀಲಿ ನೀರು ಬಂದ್ರೆ ಏಳಿ, ಅಲ್ಲಿಗೇ ಬತ್ತೀನಿ.”

ಬೋಗಿಯಲ್ಲಿ ನಗು. ತೂಕಡಿಸುತ್ತಿದ್ದವರೂ ಒಮ್ಮೆ ಕಣ್ಣು ಬಿಡುತ್ತಾರೆ.

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಗಳವರೆಗೆ ನಡಿಗೆ. ಒಂದು ಕ್ಯಾನು ತಲೆಯ ಸಿಂಬಿಯ ಮೇಲೆ, ಇನ್ನೊಂದು ಕೈಯಲ್ಲಿ. ರಾತ್ರಿ ಪಾಳಿ ಮುಗಿಸಿದವರು ಎದುರಾಗಿ ದಾರಿ ಬಿಡುತ್ತಾರೆ. ದಿನಾ ಹಾಲು ಹಾಕುವ ಮನೆಗೆ ಇಲ್ಲಿ ವರ್ತನೆ ಮನೆ ಎನ್ನುತ್ತಾರೆ. ಅಮ್ಮಾಜಮ್ಮನವರಿಗೆ ಅಂಥವು ಇಪ್ಪತ್ತರ ಮೇಲೆ. ಬಾಗಿಲಲ್ಲಿ ನಿಂತು “ಆಲು” ಎಂದು ಕೂಗುತ್ತಾರೆ. ಅಳತೆಗೆ ಸರಿಯಾಗಿ ಹುಯ್ದು, ಮೇಲಿಷ್ಟು ಕೊಸರು ಹಾಕಿ ಮುಂದೆ ಹೋಗುತ್ತಾರೆ.

ಒಂದು ಮನೆಯ ಮುಂದೆ ಮಾತ್ರ ಕೂಗುವುದಿಲ್ಲ. ಬಿದಿರು ತಟ್ಟಿಯ ಬಾಗಿಲನ್ನು ತಾವೇ ತಳ್ಳಿ ಒಳಗೆ ಹೋಗಿ ಕುಳಿತುಬಿಡುತ್ತಾರೆ. ಮನೆಯಾಕೆ ಕನಕಮ್ಮ ಕಾಫಿ ಲೋಟ ಕೈಗಿಡುತ್ತ ಕೇಳುತ್ತಾರೆ: “ಅಕ್ಕಾ, ಪಾಪಾಗೆ ಕೆಮ್ಮು ಹೋಯ್ತಾ?”

“ಓಯ್ತು. ನೀನು ಕೊಟ್ಟ ಕಷಾಯ ಕುಡಿಯಾಕೆ ಮನೆಯೆಲ್ಲ ಓಡಾಡಿಸಿದ್ಲು.”

ಪಾಪಾ ಎಂದರೆ ಹದಿನೈದು ವರ್ಷದ ಮುನಿರತ್ನ. ಹೆತ್ತವರು ಕನಕಮ್ಮ. ಸಾಕುತ್ತಿರುವವರು ಅಮ್ಮಾಜಮ್ಮ. ಇದು ಈ ಲೈನಿಗೆ ಗೊತ್ತು, ಅಮ್ಮಾಜಮ್ಮನವರ ಹಳ್ಳಿಗೆ ಗೊತ್ತು, ಎಲ್ಲರಿಗಿಂತ ಮೊದಲು ಆ ಹುಡುಗಿಗೆ ಗೊತ್ತು. ಗೊತ್ತಾದರೆ ಮಗಳು ಕೈಬಿಟ್ಟುಹೋಗುತ್ತಾಳೆ ಎಂದು ಹೆದರಿಸಿದವರು ಒಬ್ಬಿಬ್ಬರಲ್ಲ. ಆ ಹೆದರಿಕೆಯನ್ನು ಮಡಿಲಲ್ಲಿಟ್ಟುಕೊಂಡೇ ಅಮ್ಮಾಜಮ್ಮ ಈ ಬಾಗಿಲಿಗೆ ನಡೆದು ಬರುತ್ತಿದ್ದಾರೆ.

ಬಂಗಾರಪೇಟೆಯ ಪಕ್ಕದ ಹಳ್ಳಿ ಅವರದು. ಗಂಡ ಬಚ್ಚಪ್ಪನವರಿಗೆ ಹಸುಗಳ ಮೇಲೆ ಜೀವ, ಮಾತು ಕಡಿಮೆ. ಕರೆಯುವುದು ಅವರು, ಮಾರುವುದು ಇವರು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಹೊರದ ಹರಕೆ ಉಳಿದಿರಲಿಲ್ಲ. ೧೯೭೯ನೇ ಇಸವಿಯಲ್ಲಿ, ವರ್ತನೆ ಮನೆಗಳಲ್ಲೊಂದಾದ ಕನಕಮ್ಮನವರಿಗೆ ನಾಲ್ಕನೆಯ ಮಗು ಹುಟ್ಟಿತು. ಮೂರು ಗಂಡಾದ ಮೇಲೆ ಹೆಣ್ಣು. ಗಣಿಯಲ್ಲಿ ದುಡಿಯುತ್ತಿದ್ದ ಗಂಡ ಆರುಮುಗಂ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಬಾಣಂತಿಗೆ ಹಾಲು ಬತ್ತಿತ್ತು. ಮಗು ಬದುಕಿದ್ದು ಅಮ್ಮಾಜಮ್ಮ ಹಾಕುತ್ತಿದ್ದ ಹಸುವಿನ ಹಾಲಿನಿಂದ.

ಮಗುವನ್ನು ಕೊಡುವ ಮಾತು ತೆಗೆದವರು ಕನಕಮ್ಮನವರೇ. ಅವರೇ ನೆನೆಸಿಕೊಳ್ಳುತ್ತಾರೆ: “ವೇಲೂರಿಂದ ಯಾರೋ ದೊಡ್ಡೋರು ಬಂದು ಪಾಪಾನ ಕೇಳಿದ್ರು. ಕೊಟ್ಟ ಮೇಲೆ ಈ ಕಡೆ ತಿರುಗಿ ನೋಡ್ಬಾರ್ದು ಅಂದ್ರು. ಬೇಡ ಅಂದ್ಬಿಟ್ಟೆ. ಅಕ್ಕ ದಿನಾ ಬರ್ತಾಳೆ. ಅವಳ ಮುಖ ನೋಡಿದ್ರೆ ಸಾಕು, ಪಾಪಾ ಹೆಂಗಿದೆ ಅಂತ ತಿಳಿದುಹೋಗುತ್ತೆ.”

ಎರಡೂ ಕಡೆಯ ಹಿರಿಯರನ್ನು ಕೂರಿಸಿಕೊಂಡು ಮಗುವನ್ನು ಮಡಿಲಿಗೆ ಹಾಕಿದ್ದಾಯಿತು. ಮನೆಗೆ ಬಂದ ಕೂಡಲೇ ಅತ್ತೆ ಮುತ್ಯಾಲಮ್ಮ ಹೇಳಿದರು: “ತಂದಿದ್ದು ಆಯ್ತಲ್ಲ, ಇನ್ನು ಆ ಲೈನಿನ ವರ್ತನೆ ಬಿಟ್ಬಿಡು. ಬೇರೆ ಕಡೆ ಮನೆ ಇಡ್ಕೋ. ಎತ್ತೋಳ ಗುರುತು ಸಿಕ್ತು ಅಂದ್ರೆ ಒಂದಿನ ನಿನ್ನ ಬಿಟ್ಟು ಓತಾಳೆ, ನೋಡ್ತಾ ಇರು.”

“ಆ ಮಾತು ನಂಗೆ ಎದೇಲಿ ನೆಟ್ಕೊಂಡ್ಬಿಡ್ತು,” ಎನ್ನುತ್ತಾರೆ ಅಮ್ಮಾಜಮ್ಮ. “ಎರಡು ದಿನ ಆ ಬಾಗ್ಲಿಗೆ ಓಗ್ಲಿಲ್ಲ. ಆಮೇಲೊಂದಿನ ಸಂದಿ ತಿರುಗಿದ್ರೆ ಕನಕಮ್ಮ ಪಾತ್ರೆ ಇಡ್ಕೊಂಡು ನಿಂತವ್ಳೆ. ಆಲಿಗಲ್ಲ, ನನ್ನ ಮುಖಕ್ಕೆ. ಮಗು ಕೊಟ್ಟೋಳ ಮುಂದೆ ಮುಖ ಮರೆಸ್ಕೊಂಡು ಓಗೋಳು ಆ ಮಗೂಗೆ ಏನು ಒಳ್ಳೇದು ಏಳ್ಕೊಡ್ತೀನಿ ಅನ್ನಿಸ್ತು. ಸೀದಾ ಒಳಗೋಗಿ ಕೂತ್ಕೊಂಡೆ. ಅವತ್ತಿಂದ ಕೂತ್ಕೋತಾನೇ ಇವ್ನಿ.”

ನಾಮಕರಣದ ದಿನ ತೊಟ್ಟಿಲಿನ ಎರಡು ಕಡೆ ಇಬ್ಬರೂ ನಿಂತರು. ಪ್ರತಿ ಭಾನುವಾರ ಹಾಲಿನ ಕ್ಯಾನಿನ ಜೊತೆ ಮಗುವೂ ಗಾಡಿ ಹತ್ತುತ್ತಿತ್ತು. ಮಗುವಿಗೆ ಅಮ್ಮಾಜಮ್ಮ ಅವ್ವ, ಕನಕಮ್ಮ ಅಮ್ಮ. ನಿಜ ಹೇಳುವ ದಿನವೆಂದು ಬೇರೆ ಬರಲೇ ಇಲ್ಲ. ತುತ್ತು ತಿನ್ನಿಸುವಾಗ ಅಮ್ಮಾಜಮ್ಮ ಹೇಳುತ್ತಿದ್ದ ಕಥೆಯೇ ಅದು: ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿದ ಪಾಪು ರೈಲು ಹತ್ತಿ ಹಸುಗಳ ಮನೆಗೆ ಬಂದ ಕಥೆ. ಶಾಲೆಯಲ್ಲಿ ಯಾರೋ ‘ಪಾಪ, ಸಾಕಿದ ಮಗು’ ಎಂದು ಆಡಿಕೊಂಡರೆ ಮುನಿರತ್ನ ಅಳಲಿಲ್ಲ. “ನಿಂಗೆ ಬಯ್ಯೋಕೆ ಒಬ್ಳೇ ಅವ್ವ, ನಂಗೆ ಇಬ್ರು. ಈಗ ಏಳು, ಯಾರು ಪಾಪ?” ಎಂದು ಕೇಳಿದಳಂತೆ.

ಅವಳು ಮೂರನೆಯ ಕ್ಲಾಸಿನಲ್ಲಿದ್ದಾಗ ಓದಿನಲ್ಲಿ ಹಿಂದೆ ಬಿದ್ದಳು. ಮೇಷ್ಟ್ರು ದಡ್ಡಿ ಎಂದರು. ಒಂದು ಬೆಳಿಗ್ಗೆ ಅದನ್ನು ಹೇಳಿಕೊಂಡು ಅಮ್ಮಾಜಮ್ಮ ಕಣ್ಣೊರೆಸಿಕೊಂಡರೆ ಕನಕಮ್ಮ ನಕ್ಕುಬಿಟ್ಟರು. “ದಡ್ಡಿ ಅಲ್ಲ ಅಕ್ಕಾ, ಬೋರ್ಡು ಕಾಣಿಸ್ತಿಲ್ಲ. ನಮ್ಮ ಮನೇಲಿ ಎಲ್ಲರಿಗೂ ಎಂಟು ವರ್ಷಕ್ಕೇ ಕನ್ನಡಕ.” ಅದೇ ವಾರ ಕನ್ನಡಕ ಬಂತು. ಈಗ ಕ್ಲಾಸಿಗೆ ಮೊದಲನೆಯವಳು.

ಮುತ್ಯಾಲಮ್ಮನವರು ಹೇಳಿದ್ದ ಆ ಒಂದು ದಿನವೂ ಬಂತು. ಎರಡು ವರ್ಷದ ಹಿಂದಿನ ಮಾತು. ಮುನಿರತ್ನ ಮೈದಡವಿ ಬೆಳೆಸಿದ್ದ ಕರುವನ್ನು ಬಚ್ಚಪ್ಪ ಸಂತೆಯಲ್ಲಿ ಮಾರಿಬಂದರು. ಹುಡುಗಿ ರಂಪ ಮಾಡಿದಳು. ಅಮ್ಮಾಜಮ್ಮ ಕೆನ್ನೆಗೆ ಹೊಡೆದರು. ಸಂಜೆ ನೋಡಿದರೆ ಮನೆಯಲ್ಲಿ ಹುಡುಗಿಯಿಲ್ಲ. ಬಾವಿ, ಕೆರೆ ಎಲ್ಲ ನೋಡಿದರು. ಪಾಳಿ ಮುಗಿಸಿ ಬಂದ ಹನುಮಂತರಾಯಪ್ಪ, ಅವಳು ಚಾಂಪಿಯನ್ನಿನಲ್ಲಿ ಇಳಿದು ಕನಕಮ್ಮನ ಮನೆಯ ಕಡೆ ನಡೆದದ್ದನ್ನು ಕಂಡೆ ಎಂದರು.

“ನಾನು ಏಳಿರ್ಲಿಲ್ವಾ,” ಎಂದು ಅತ್ತೆ ಗೋಡೆಗೆ ಒರಗಿ ಕುಳಿತರು. ಕರೆತರಲು ಎದ್ದ ಗಂಡನನ್ನು ಅಮ್ಮಾಜಮ್ಮ ತಡೆದರು. “ಕೂತ್ಕೊ. ಕಳೆದೋಗಿಲ್ಲ ಅವ್ಳು. ಅವಳಮ್ಮನ ಮನೇಲವಳೆ.”

ಬೆಳಿಗ್ಗೆ ಎಂದಿನಂತೆ ಕ್ಯಾನು ಹೊತ್ತು ಹೋದರು. ಆ ಮನೆಗೆ ಮೊದಲು ಓಡಲಿಲ್ಲ, ಸರದಿಯಂತೆಯೇ ಹೋದರು. ಹುಡುಗಿ ಒಳಬಾಗಿಲ ಹಿಂದೆ. ಕನಕಮ್ಮ ಪಾತ್ರೆ ಹಿಡಿದರು. ಎಂದಿನ ಅಳತೆ ಹುಯ್ದು ಅಮ್ಮಾಜಮ್ಮ ಇನ್ನೊಂದು ಅಳತೆ ಹುಯ್ದರು. “ಮನೇಲಿ ಒಬ್ರು ಜಾಸ್ತಿ ಅವ್ರಲ್ಲ,” ಎಂದರು.

ಈ ಕಡೆ ಕನಕಮ್ಮನೂ ಹುಡುಗಿಯನ್ನು ಇಟ್ಟುಕೊಳ್ಳಲು ನೋಡಲಿಲ್ಲ, ಕಳಿಸಲೂ ನೋಡಲಿಲ್ಲ. “ಎಷ್ಟು ದಿನ ಬೇಕಾದ್ರೂ ಇರು ಕಂದಾ,” ಎಂದರಂತೆ. “ಆದ್ರೆ ನಾಳೆಯಿಂದ ಹಾಲಿಗೆ ಪಾತ್ರೆ ಹಿಡಿಯೋದು ನೀನು.”

ಮಾರನೆಯ ದಿನ ಮುನಿರತ್ನ ತಲೆ ಎತ್ತದೆ ಪಾತ್ರೆ ಹಿಡಿದಳು. ಅದರ ಮಾರನೆಯ ದಿನ ತಲೆ ಬಾಚಿಕೊಂಡು ಸಿದ್ಧವಾಗಿ ನಿಂತಿದ್ದಳು. ಬರಿದಾದ ಕ್ಯಾನನ್ನು ಅವ್ವನ ಕೈಯಿಂದ ಕಿತ್ತುಕೊಂಡು ಸ್ಟೇಷನ್ನಿನ ಕಡೆ ಮುಂದೆ ಮುಂದೆ ನಡೆದಳು. “ಕರು ಮಾರಿದ್ದು ತಪ್ಪು ಅಂತ ಅಪ್ಪಂಗೆ ಏಳು,” ಎಂದಳಂತೆ ಗಾಡಿಯಲ್ಲಿ. “ಏಳ್ತೀನಿ ಅಂದೆ. ಏಳಿದೆ,” ಎನ್ನುತ್ತಾರೆ ಅಮ್ಮಾಜಮ್ಮ.

ಕನ್ನಡಕ ಸರಿಪಡಿಸಿಕೊಳ್ಳುತ್ತ ಮುನಿರತ್ನ ಮಧ್ಯೆ ಬಾಯಿ ಹಾಕುತ್ತಾಳೆ. “ಎಲ್ರೂ ಓಡೋದೆ ಅಂತಾರೆ. ನಾನೆಲ್ಲಿ ಓಡೋದೆ? ಅಮ್ಮನ ಮನೆಗೆ ಓದೆ, ಅವ್ವನ ಮನೆಗೆ ಬಂದೆ.”

ಆಮೇಲೆ ಮುತ್ಯಾಲಮ್ಮನವರೇ ಬದಲಾದರು. ಅವರೆಕಾಯಿ ಕಾಲದಲ್ಲಿ ಮೊದಲ ಕಾಯಿ ಬಿಡಿಸಿ, ಕನಕಮ್ಮನಿಗೆ ಕೊಡು ಎಂದು ಕ್ಯಾನಿನ ಪಕ್ಕದಲ್ಲಿ ಗಂಟು ಕಟ್ಟಿಡುತ್ತಾರೆ. ಆರುಮುಗಂ ತೀರಿಕೊಂಡಾಗ ಈ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಮೂವರು ಅಣ್ಣಂದಿರು ದೀಪಾವಳಿಗೆ ಹಳ್ಳಿಗೆ ಬಂದು ತಂಗಿಯೊಂದಿಗೆ ಜಗಳವಾಡಿ ಹೋಗುತ್ತಾರೆ.

ಇದನ್ನು ಕಂಡು ಒಬ್ಬೊಬ್ಬರು ಅಮ್ಮಾಜಮ್ಮನವರನ್ನು ಹುಡುಕಿಕೊಂಡು ಬರುತ್ತಾರೆ. ಕಾರ್ಖಾನೆಯ ನೌಕರ ಓಂಕಾರಪ್ಪ ಗಂಡುಮಗುವನ್ನು ಸಾಕಲು ತಂದು ಯಾರಿಗೂ ತಿಳಿಯದಂತೆ ಕ್ವಾರ್ಟರ್ಸ್ ಬದಲಿಸಲು ಹೊರಟಿದ್ದರು. ಗಾಡಿಯಲ್ಲಿ ಅಮ್ಮಾಜಮ್ಮ ಕೇಳಿದ್ದು ಇಷ್ಟು: “ಎಷ್ಟು ಕ್ವಾರ್ಟರ್ಸ್ ಬದಲಾಯಿಸ್ತೀರಾ ಸ್ವಾಮಿ? ಇದ್ದಲ್ಲೇ ಇದ್ದು ಏಳ್ಬಿಡಿ.” ಆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹೆತ್ತವಳೂ ಬಂದಿದ್ದಳಂತೆ.

ಹಳ್ಳಿಯ ಭಜನೆಮನೆಯಲ್ಲಿ ಶನಿವಾರ ಕೃಷ್ಣನ ಕಥೆ ಓದುತ್ತಾರೆ. ಅವನು ಗೋಕುಲ ಬಿಟ್ಟು ಮಧುರೆಗೆ ಹೊರಡುವ ಭಾಗ ಬಂದಾಗ ಯಶೋದೆಯ ಸಂಕಟಕ್ಕೆ ಹೆಂಗಸರೆಲ್ಲ ಅಳುತ್ತಾರೆ. ಅಮ್ಮಾಜಮ್ಮನವರಿಗೆ ಅಳುವಿನ ಜೊತೆ ಸಿಟ್ಟೂ ಬರುತ್ತದೆ. “ಇವ್ನು ದೇವಕಮ್ಮನ ಮಗ ಅಂತ ಆ ತಾಯಿಗೆ ಮೊದ್ಲೇ ಯಾರಾನಾ ಏಳಿದ್ರೆ ಏನಾಗ್ತಿತ್ತು? ಅವ್ಳೂ ನಮ್ಮಂಗೆ ಆಲು ಮೊಸರು ಮಾರೋಳಲ್ವಾ. ಕುಡಿಕೆ ತಲೆ ಮೇಲೆ ಇಟ್ಕೊಂಡು ಮಧುರೆಗೆ ಓಗಿ, ದೇವಕಮ್ಮನ ಜೊತೆ ಕೂತು, ಮಗನ್ನೂ ನೋಡ್ಕೊಂಡು ಬತ್ತಿದ್ಲು.”

ಹೆದರಿಕೆ ಈಗ ಹೋಯಿತೇ ಎಂದರೆ ಮೊದಲು ತೊಳೆದ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿ ಬರುತ್ತಾರೆ.

“ಪೂರಾ ಓಗಿಲ್ಲ. ಸುಳ್ಳು ಯಾಕೆ ಏಳ್ಲಿ. ಆದ್ರೆ ಇನ್ನೊಂದು ಲೆಕ್ಕ ಐತೆ. ಕನಕಮ್ಮ ನನಗಿಂತ ಚಿಕ್ಕೋಳು. ನಾನೇ ಮೊದ್ಲು ಓಗೋದು. ಅವ್ಳು ಗಟ್ಟಿಯಾಗಿರ್ಲಿ ಅಂತ ದೇವ್ರನ್ನ ಕೇಳ್ಕೋತೀನಿ, ಇನ್ನೇನೂ ಕೇಳಲ್ಲ. ನಾನು ಕಣ್ಣು ಮುಚ್ಚಿದ ದಿನ ನನ್ನ ಮಗಳು ತಾಯಿ ಇಲ್ದೋಳು ಆಗಲ್ಲ. ಇಂಗೆ ಏಳೋಕೆ ಎಷ್ಟು ಜನ ಅವ್ವಂದಿರಿಗೆ ಆಗ್ತದೆ?”