ತಂಬಿಗೆಯೊಳಗಿನ ಪಾವಣೇರು

ನಮ್ಮ ಅತ್ತೆಯ ಸೀರೆಯ ಎಡಸೊಂಟದ ಹತ್ತಿರ ಅಂಗೈಯಗಲದಷ್ಟು ಜಾಗ ಯಾವಾಗಲೂ ಒದ್ದೆಯಾಗಿರುತ್ತಿತ್ತು. ನೀರು ಸೋಸುವ ಬಿಳಿ ಅರಿವೆಯನ್ನು ಹಿಂಡಿ, ಮಡಚಿ, ಅಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು. ಮದುವೆ ಮನೆಗೆ ಇಳಕಲ್ ಸೀರೆ ಉಟ್ಟು ಹೊರಟರೂ ಆ ಒದ್ದೆ ಗುರುತು ಅವರ ಜೊತೆಗೇ ಹೋಗುತ್ತಿತ್ತು. ನಾನು ಸೊಸೆಯಾಗಿ ಕಾಗವಾಡಕ್ಕೆ ಬಂದ ಮೊದಲ ವಾರ, ಅವರಿಗೆ ಗೊತ್ತಿಲ್ಲವೇನೋ ಎಂದುಕೊಂಡು, "ಅತ್ತೀ, ಸೀರಿ ತೊಯ್ದೈತ್ರಿ" ಅಂದೆ.

"ಅದು ತೊಯ್ದದ್ದಲ್ಲವ್ವಾ, ಅದರ ಬಣ್ಣನ ಹಂಗ" ಅಂದು ನಕ್ಕರು.

ನಾವು ಜೈನರು. ಸೋಸದ ನೀರು ಅತ್ತೆಯ ಬಾಯಿಗೆ ಹೋಗುತ್ತಿರಲಿಲ್ಲ. ಅದೇನು ದೊಡ್ಡ ಮಾತಲ್ಲ, ನಮ್ಮಲ್ಲಿ ಬಹಳ ಮನೆಗಳಲ್ಲಿ ಸೋಸುತ್ತಾರೆ. ಅತ್ತೆಯ ಶ್ರದ್ಧೆ ಇದ್ದದ್ದು ಸೋಸಿದ ಮೇಲಿನ ಕೆಲಸದಲ್ಲಿ. ಅರಿವೆಯ ಮೇಲೆ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ಜಾಲಿಸಿ ಒಂದು ಸಣ್ಣ ತಾಮ್ರದ ತಂಬಿಗೆಗೆ ಇಳಿಸುತ್ತಿದ್ದರು. ಆ ತಂಬಿಗೆಯನ್ನು ಹಗ್ಗ ಕಟ್ಟಿ ಬಾವಿಗೆ ಬಿಟ್ಟರೆ ನೀರು ಮುಟ್ಟಿದ ಮೇಲೆ ತಾನಾಗಿ ಮಗುಚುವಂತೆ ಕೊಂಡಿ ಕೂಡಿಸಿದ್ದರು. ಮೇಲಿನಿಂದ ಚೆಲ್ಲಿದರೆ ಅವಕ್ಕೆ ಪೆಟ್ಟಾಗುತ್ತದಲ್ಲ, ಅದಕ್ಕೆ. ಯಾವ ಬಾವಿಯ ಜೀವವೋ ಅದೇ ಬಾವಿಗೆ ಹೋಗಬೇಕು, ಬೇರೆ ನೀರಿನಲ್ಲಿ ಅವು ಬದುಕುವುದಿಲ್ಲ ಎನ್ನುತ್ತಿದ್ದರು. ಬಲಗೈ ಮುರಿದು ಪ್ಲಾಸ್ಟರ್ ಹಾಕಿದ ತಿಂಗಳು ಈ ಕೆಲಸವನ್ನು ಎಡಗೈಯಿಂದಲೇ ಮಾಡಿದರು. ನಾನು ಮಾಡುತ್ತೇನೆಂದರೆ, "ನಿನಗ ಅವಸರ ಭಾಳ" ಅನ್ನುತ್ತಿದ್ದರು. ಅದು ಸುಳ್ಳಲ್ಲ.

ಇಂಥವರು ಊರು ಬಿಟ್ಟು ಹೋಗುವುದು ಹೇಗೆ? ಹೋಟೆಲಿನ ಊಟ ಇಲ್ಲ, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಇಲ್ಲ. ಬಸ್ತಿಯ, ಅಂದರೆ ನಮ್ಮ ಜಿನಮಂದಿರದ, ಮಂದಿಯ ಜೊತೆ ತೀರ್ಥಯಾತ್ರೆಗೆ ಹೋಗಿ ಬಂದದ್ದೆಷ್ಟೋ ಅಷ್ಟೇ. ಒಮ್ಮೆ ನನ್ನ ಮಗಳು ಶಾಲೆಯ ಪುಸ್ತಕದಲ್ಲಿ ಸಮುದ್ರದ ಚಿತ್ರ ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ನೋಡಿ, "ಇದರ ಆಚಿ ದಂಡಿ ಎಲ್ಲೈತಿ?" ಎಂದು ಕೇಳಿದರು. ಕಾಣುವುದಿಲ್ಲ ಆಯಿ, ಅಷ್ಟು ದೊಡ್ಡದು ಎಂದಳು ಮಗಳು. "ಒಂದ ಸಲ ನೋಡಬೇಕಾಗಿತ್ತು ನೋಡು" ಅಂದರು ಅತ್ತೆ. ಅವರು ತಮಗಾಗಿ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಮ್ಮನೆಯವರೂ ಕೇಳಿಸಿಕೊಂಡರು.

ಮುಂದಿನ ವರ್ಷ ದ್ರಾಕ್ಷಿ ಮಾರಿದ ಮೇಲೆ ಅವರು ಹಳೆಯ ಶಾಲಾಬಸ್ಸೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಸೀಟು ಕಿತ್ತು, ಒಳಗೆ ಅಡುಗೆಕಟ್ಟೆ, ನೀರಿನ ಟಾಕಿ, ಮಲಗುವ ಹಲಗೆ ಕೂಡಿಸಲು ನಿಪ್ಪಾಣಿಯ ಒಂದು ಗ್ಯಾರೇಜಿಗೆ ಬಿಟ್ಟರು. ಕೆಲಸ ನೋಡಲು ಅತ್ತೆಯೂ ಬಂದರು. ಮಿಸ್ತ್ರಿಗೆ ಹೇಳಿದರು, "ಅಡಿಗಿ ಕಟ್ಟಿ ಮುಂದ ಪಶ್ಚಿಮಕ್ಕ ಒಂದ ಕಿಡಕಿ ಇಡಪಾ. ಹೊತ್ತು ಮುಳಗೂದು ಕಾಣಬೇಕು."

ಮಿಸ್ತ್ರಿ ತಲೆ ಕೆರೆದುಕೊಂಡ. "ಅಜ್ಜೀ, ಗಾಡಿ ತಿರಗತೈತ್ರಿ. ಪಶ್ಚಿಮ ಯಾವ ಕಡೆ ಅಂತ ಹಿಡೀಲಿ?"

ಅತ್ತೆ ಯೋಚಿಸಿ, "ಹಂಗಾರ ಎರಡೂ ಕಡೆ ಇಡು" ಅಂದರು.

ಹೀಗೆ ನಮ್ಮ ಗಾಲಿಯ ಮನೆ ತಯಾರಾಯಿತು. ಹಳದಿ ಬಣ್ಣ ಹಾಗೇ ಉಳಿದದ್ದರಿಂದ ದಾರಿಯಲ್ಲಿ ಮಕ್ಕಳು ಚೀಲ ಹೊತ್ತು ಓಡಿ ಬಂದು ಕೈ ಮಾಡುತ್ತಿದ್ದರು. ಮೊದಲ ಸವಾರಿ ಕುಡಚಿಯ ಮೇಲೆ ಕೃಷ್ಣೆ ದಾಟಿ ನನ್ನ ತವರು ರಾಯಬಾಗಕ್ಕೆ. ಬಾಗಿಲಲ್ಲಿ ನಿಂತ ನನ್ನ ತಾಯಿ, "ಯವ್ವಾ! ಬೀಗತೀನ ಊಟಕ್ಕ ಕರದ್ರ ಮನೀನ ತಗೊಂಡ ಬಂದಾಳ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಅತ್ತೆ ಒಳಗಿನಿಂದಲೇ, "ಬರ್ರಿ ಬೀಗತಿ, ಚಾ ಕುಡದ ಹೋಗ್ರಿ" ಅಂದರು.

ಅಲ್ಲಿಂದ ಮುಂದೆ ಗೋಕಾಕದ ಧಬಧಬೆ, ಪನ್ಹಾಳದ ಕೋಟೆ, ರಾಧಾನಗರಿಯ ಕಾಡು. ಎಲ್ಲಿ ನಿಲ್ಲಿಸಿದರೂ ಅತ್ತೆ ಮೊದಲು ಬಾವಿ ಹುಡುಕುತ್ತಿದ್ದರು, ಆಮೇಲೆ ನೋಟ. ಸಂಜೆಯ ಊಟವಾದ ಮೇಲೆ ಬೆರಳ ಗೆಣ್ಣು ಹಿಡಿದು ಆ ದಿನದ ಒಳ್ಳೆಯದನ್ನೆಲ್ಲ ಎಣಿಸುವುದು ಅವರ ರೂಢಿ. "ಗಾಲಿ ಪಂಚರಾತು, ಖರೆ. ಆದ್ರ ಪಂಚರ ಅಂಗಡಿ ಮುಂದನ ಆತು. ಒಂದು. ಮಳಿ ಬಂತು, ಆದ್ರ ರೊಟ್ಟಿ ಬಡದ ಮ್ಯಾಲ ಬಂತು. ಎರಡು." ಎಣಿಸಿ ಮುಗಿಸಿ ಣಮೋಕಾರ ಮಂತ್ರ ಹೇಳಿ ಮಲಗಿದರೆ ಗೊರಕೆ. ನಾನೂ ಈಗ ಎಣಿಸುತ್ತೇನೆ, ಅವರಷ್ಟು ಬೇಗ ನಿದ್ದೆ ಬರುವುದಿಲ್ಲ.

ಸಮುದ್ರಕ್ಕೆ ಹೊರಟದ್ದು ಮೇ ತಿಂಗಳಲ್ಲಿ. ಚಿಕ್ಕೋಡಿ, ನಿಪ್ಪಾಣಿ, ಆಜರಾ ದಾಟಿ ಅಂಬೋಲಿಯ ಗುಡ್ಡದ ಮೇಲೆ ಒಂದು ರಾತ್ರಿ ಉಳಿದೆವು. ಮರುದಿನ ಘಾಟ ಇಳಿದು ಸಂಜೆಯೊಳಗೆ ಸಮುದ್ರ ಮುಟ್ಟುವುದು, ಬೆಳಗಿನ ಜಾವ ಎದ್ದು ವಾಪಸು. ಅದರಾಚೆಗೆ ಒಂದು ಗಳಿಗೆಯೂ ಇರಲಿಲ್ಲ. ದ್ರಾಕ್ಷಿಯ ಚಿಗುರು ಚಿವುಟಲು ಆಳುಗಳಿಗೆ ದಿನ ಕೊಟ್ಟಾಗಿತ್ತು. ಆ ಕೆಲಸ ಒಂದು ದಿನ ತಪ್ಪಿದರೆ ಆಳುಗಳು ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ. ಮುಂದಿನ ವರ್ಷ ಬರೋಣವೆಂದರೆ ಅತ್ತೆಯ ಮೊಣಕಾಲು ಈಗಲೇ ಕೈಕೊಡುತ್ತಿದ್ದವು.

ಅಂಬೋಲಿಯಲ್ಲಿ ಧಬಧಬೆಯ ಮೆಟ್ಟಿಲು ಹತ್ತಿ ಇಳಿದದ್ದಕ್ಕೆ ಅವು ಊದಿಕೊಂಡವು. ಹೊರಡುವ ಹೊತ್ತಿಗೆ ಟಾಕಿಗೆ ನೀರು ತುಂಬಬೇಕಿತ್ತು. ರಸ್ತೆ ಬದಿಯ ಮನೆಯವರ ಬಾವಿ. ಅತ್ತೆ ಗಾಡಿಯಲ್ಲೇ ಕುಳಿತು, ಮೊದಲ ಸಲ, "ಇವತ್ತ ನೀನ ಸೋಸವ್ವಾ. ತಂಬಗಿ ಹಗರ್ಕ ಬಿಡು" ಅಂದರು. ಸೋಸಿದೆ. ಅರಿವೆ ಜಾಲಿಸಿ ತಂಬಿಗೆ ತುಂಬಿದೆ. ಅಷ್ಟರಲ್ಲಿ ಮನೆಯ ಯಜಮಾನತಿ ಮಾವಿನಹಣ್ಣು ತಂದು ಉಡಿ ಒಡ್ಡು ಅಂದಳು. ಉಡಿ ಒಡ್ಡಲು ಎರಡೂ ಕೈ ಬೇಕಲ್ಲ, ತಂಬಿಗೆಯನ್ನು ಗಾಡಿಯ ಬಾಗಿಲೊಳಗೆ ಇಟ್ಟೆ. ಹಣ್ಣಿನ ವಾಸನೆ, ಅವಳ ಮಾತು, ನಮ್ಮನೆಯವರ ಹಾರನ್. ಹತ್ತಿ ಕುಳಿತುಬಿಟ್ಟೆ.

ಘಾಟದ ಬುಡದಲ್ಲಿ ತೆಂಗಿನಮರಗಳು ಶುರುವಾದವು. ಮಗಳು, "ಇನ್ನ ಒಂದ ತಾಸಿಗೆ ಸಮುದ್ರ!" ಎಂದು ಕುಣಿಯುತ್ತಿದ್ದಳು. ನಾನು ತಟ್ಟೆ ತೆಗೆಯಲು ಬಗ್ಗಿದೆ. ಟಾಕಿಗೂ ಕಟ್ಟೆಗೂ ನಡುವೆ ಸಿಕ್ಕಿಕೊಂಡು ತಂಬಿಗೆ ನಿಂತಿತ್ತು. ನೀರು ಹೆಚ್ಚು ಚೆಲ್ಲಿರಲಿಲ್ಲ.

ಬಾವಿಗೆ ಬಿಡಲು ಮರೆತೇಬಿಟ್ಟಿದ್ದೆ. ಯಾರೂ ನೋಡಿರಲಿಲ್ಲ. ಪಕ್ಕದಲ್ಲೇ ಒಂದು ಹಳ್ಳ ಹರಿಯುತ್ತಿತ್ತು. ಕಿಟಕಿಯಿಂದ ಕೈ ಚಾಚಿದ್ದರೆ ಮುಗಿಯುತ್ತಿತ್ತು, ಅತ್ತೆಗೆ ಸಮುದ್ರ ಸಿಗುತ್ತಿತ್ತು. ಹೇಳಿದರೆ ಇಲ್ಲ. ನಾನು ತಂಬಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದು ಕುಳಿತೆ. ಚೆಲ್ಲಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ. ಎರಡು ತಿರುವು ದಾಟಿರಬೇಕು.

"ಮಡಲಾಗ ಏನ ಹಿಡ್ಕೊಂಡಿ ಯವ್ವಾ, ಕೂಸ ಹಿಡದಂಗ?" ಎಂದು ಅತ್ತೆ ಕೇಳಿದರು.

ನಾನು ಅಳುತ್ತಲೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಗ್ಗಿ ತಂಬಿಗೆಯೊಳಗೆ ನೋಡಿ, "ಹಂಗಾರ ನಮ್ಮ ಗಾಡ್ಯಾಗ ಪಾವಣೇರು ಕುಂತಾರ!" ಅಂದರು. ನಮ್ಮ ಕಡೆ ಮನೆಗೆ ಬಂದ ನೆಂಟರಿಗೆ ಪಾವಣೇರು ಅನ್ನುತ್ತೇವೆ. "ತಮ್ಮಾ, ಗಾಡಿ ತಿರಗಸು. ಪಾವಣೇರ್ನ ಮನಿಗೆ ಮುಟ್ಟಸಬೇಕು."

ನಮ್ಮನೆಯವರು ಬ್ರೇಕು ಒತ್ತಿ ಹಿಂದೆ ತಿರುಗಿದರು. "ಅವ್ವಾ! ಘಾಟ ಮತ್ತ ಹತ್ತಬೇಕು! ಹತ್ತಿದ್ವಿ ಅಂದ್ರ ಅಲ್ಲೇ ಸಂಜಿ ಆಗತೈತಿ. ಸಮುದ್ರ ಇಲ್ಲ, ತಿಳೀತಿಲ್ಲೋ? ನಾಳೆ ಮಧ್ಯಾನಕ್ಕ ಆಳು ಬರ್ತಾವ."

"ತಿಳೀತು."

"ನಿನ್ನ ಸಲವಾಗಿ ಇಷ್ಟೆಲ್ಲಾ ಮಾಡೇನಿ. ಕಣ್ಣಿಗಿ ಕಾಣದ ಹುಳಕ್ಕ..."

"ಕಣ್ಣಿಗಿ ಕಾಣದವ್ರಿಗೇ ಅಲ್ಲೇನಪ್ಪಾ ನಾ ದಿನಾ ಕೈ ಮುಗ್ಯೂದು?"

ನಮ್ಮನೆಯವರು ಸ್ಟೇರಿಂಗಿನ ಮೇಲೆ ಹಣೆಯಿಟ್ಟರು. ಆಮೇಲೆ ಗಾಡಿ ತಿರುಗಿಸಿದರು.

ಅತ್ತೆ ಆಗ ಮುಂದಿನ ಸೀಟಿಗೆ ಬಂದು ಕುಳಿತರು. ಇಳಿಯುವಾಗ ಹಿಂದೆ ಕುಳಿತು ಬ್ಯಾಳಿ ಆರಿಸುತ್ತಿದ್ದವರು, ಹತ್ತುವಾಗ ಮಗುವಿನ ಹಾಗೆ ಗಾಜಿಗೆ ಮುಖ ಹಚ್ಚಿದರು. ತಿರುವು ತಿರುವಿಗೆ ಕಣಿವೆ ತೆರೆದುಕೊಳ್ಳುತ್ತಿತ್ತು. "ಅಗೋ, ಮ್ವಾಡ ನಮ್ಮಕಿಂತ ಕೆಳಗೈತಿ!" ಎಂದು ಚಪ್ಪಾಳೆ ತಟ್ಟಿದರು. ಗಾಡಿ ಮೊದಲ ಗೇರಿನಲ್ಲಿ ನರಳುತ್ತ ಏರುತ್ತಿತ್ತು. ಮಗಳು ತಂಬಿಗೆಯ ಮೇಲೆ ಬಗ್ಗಿ, "ಪಾವಣೇರ, ಅರಾಮ ಕುಂದರ್ರಿ, ನಿಮ್ಮ ಸ್ಟಾಪ ಇನ್ನ ದೂರ ಐತ್ರಿ" ಎಂದು ಕಂಡಕ್ಟರನ ದನಿಯಲ್ಲಿ ಹೇಳಿದಳು. ಸಿಟ್ಟಿನಲ್ಲಿದ್ದ ನಮ್ಮನೆಯವರೂ ನಕ್ಕುಬಿಟ್ಟರು. "ತಿಕೀಟ ತಗಿ ಅವರದ" ಅಂದರು.

ಬಾವಿಯ ಮನೆಯಾಕೆ ಹಳದಿ ಬಸ್ಸು ಮತ್ತೆ ಬಂದದ್ದು ನೋಡಿ ಓಡಿ ಬಂದಳು. "ಕಾಯ ಹೋ, ಕಾಯ ವಿಸರಲಾತ?" ಏನು ಮರೆತಿರಿ ಎಂದು ಕೇಳುತ್ತಿದ್ದಳು. ನಾನು ನೇರ ಬಾವಿಗೆ ಹೋಗಿ ಹಗ್ಗ ಕಟ್ಟಿ ತಂಬಿಗೆ ಬಿಟ್ಟೆ. ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ. ಕೆಳಗೆ ಅದು ನೀರು ಮುಟ್ಟಿ ಮಗುಚಿದಾಗ ಹಗ್ಗ ಹಗುರಾಯಿತು. ನಾನೂ.

ಅತ್ತೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಆಕೆಗೆ ಎಲ್ಲ ಹೇಳಿದರು. ಸಮುದ್ರ ತಪ್ಪಿತು ಎಂದದ್ದೇ ಆಕೆ ಹಣೆ ಬಡಿದುಕೊಂಡಳು. "ಸಮುದ್ರ? ತೋ ತರ ಇಥೂನ ದಿಸತೋ!" ಅದು ಇಲ್ಲಿಂದಲೇ ಕಾಣುತ್ತದೆ, ತಮ್ಮ ಮನೆಯ ಹಿಂದಿನ ಕಚ್ಚಾ ರಸ್ತೆಯ ಕೊನೆಗೆ ಒಂದು ಬಂಡೆಯಿದೆ, ಎಲ್ಲ ದಿನ ಅಲ್ಲ, ನಿನ್ನೆ ಮಳೆ ಬಿದ್ದು ಹವೆ ತೊಳೆದಿರುವುದರಿಂದ ಇವತ್ತು ಕಂಡೇ ಕಾಣುತ್ತದೆ ಅಂದಳು.

ಹೊತ್ತು ಮುಳುಗಲು ಅರ್ಧ ತಾಸು ಇತ್ತು. ಗಾಡಿಯನ್ನು ಬಂಡೆಯವರೆಗೆ ಒಯ್ದೆವು. ನಾನು ಒಲೆ ಹೊತ್ತಿಸಿ ಬ್ಯಾಳಿ ಬಿಸಿ ಮಾಡಿದೆ. ಬೆಳಿಗ್ಗೆ ಬಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಾಕಿ ತಟ್ಟೆಯನ್ನು ಬಂಡೆಗೇ ತಂದೆ. ನಮ್ಮನೆಯವರು ತಾಯಿಯನ್ನು ರಟ್ಟೆ ಹಿಡಿದು ಕೂಡಿಸಿ ಬೆರಳು ಮಾಡಿದರು.

"ಅಗೋ ಅವ್ವಾ, ಆಕಾಶ ಮುಗಿಯೂ ಕಡೆ."

ಗುಡ್ಡಗಳ ಸಾಲಿನ ಆಚೆ, ಕರಗಿಸಿ ಎಳೆದ ಬೆಳ್ಳಿಯಂಥ ಒಂದು ಗೀರು. ಸೂರ್ಯ ಇಳಿದಂತೆ ಅದು ಬಂಗಾರವಾಯಿತು. ಅತ್ತೆ ಹಣೆಗೆ ಕೈ ಹಚ್ಚಿ ಬಹಳ ಹೊತ್ತು ನೋಡಿದರು.

"ಅಷ್ಟೂ ನೀರನ?"

"ಅಷ್ಟೂ ನೀರ."

"ಚೊಲೋ ಆತು ತಮ್ಮಾ, ದೂರ ನಿಂತದ್ದು. ಹತ್ರ ಹೋಗಿದ್ರ ಸೋಸಿ ಸೋಸಿ ನನ್ನ ಜನ್ಮ ಸಾಲ್ತಿದ್ದಿಲ್ಲ."

ನಾವು ಬಿದ್ದು ಬಿದ್ದು ನಕ್ಕೆವು. ಅತ್ತೆ ಸಮುದ್ರ ನೋಡುತ್ತ ನೋಡುತ್ತ ಎರಡು ರೊಟ್ಟಿ ತಿಂದು, ಸೂರ್ಯನ ಅಂಚು ಇನ್ನೂ ಇರುವಾಗ ಕೈ ತೊಳೆದರು. ಆಮೇಲೆ ಬೆರಳ ಗೆಣ್ಣು ಹಿಡಿದರು. "ಸೊಸಿ ಮರತಳು. ಒಂದು" ಎಂದೇ ಅವತ್ತಿನ ಎಣಿಕೆ ಶುರುವಾಯಿತು. ಕೈ ಬೆರಳು ಸಾಲದೆ ಮಗಳ ಬೆರಳು ತೆಗೆದುಕೊಂಡರು.

ಊರಿಗೆ ಬಂದ ಮರುದಿನ ಬಸ್ತಿಯಲ್ಲಿ ಹೆಂಗಸರು ಮುತ್ತಿಕೊಂಡರು. ಸಮುದ್ರದ ನೀರಾಗ ಕಾಲಿಟ್ರೇನು, ಹೆಂಗಿತ್ತು ಎಂದು ಕೇಳಿದರು. ಇಲ್ಲ, ಅರ್ಧ ದಾರಿಗೇ ತಿರುಗಿ ದೂರದಿಂದ ನೋಡಿದೆವು ಅಂದೆ. ಅರ್ಧ ದಾರಿಯಿಂದ ತಿರುಗಿದ್ದೇಕೆ ಎಂಬ ಪ್ರಶ್ನೆ ಬಂದೇ ಬಂತು. ಅತ್ತೆ ಸೆರಗು ಸರಿ ಮಾಡಿಕೊಂಡು ಹೇಳಿದರು, "ವಯಸ್ಸಾತಲ್ಲರೀ. ತಂಬಗಿ ಬಿಡೂದು ಮರತಬಿಟ್ಟೆ. ಮತ್ತ ಹೋಗಿ ಬಿಟ್ಟ ಬಂದೆ." ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ನನ್ನ ಮೊಣಕೈ ಒತ್ತಿತು. "ನೀ ಇನ್ನ ಭಾಳ ವರ್ಷ ಈ ಮಂದ್ಯಾಗ ಇರಬೇಕು" ಎಂದು ಮನೆಯ ದಾರಿಯಲ್ಲಿ ಹೇಳಿದರು. ಅಷ್ಟೇ. ಮುಂದೆ ಆ ಮಾತೇ ತೆಗೆಯಲಿಲ್ಲ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ನೋವಿಲ್ಲದೆ, ಮಗ ಣಮೋಕಾರ ಹೇಳುವುದನ್ನು ಕೇಳುತ್ತ ಹೋದರು. ಅದೂ ಒಂದು ಕರುಣೆ ಎಂದು ನಾನು ಎಣಿಸಿಕೊಂಡಿದ್ದೇನೆ. ಮಾತಾಡಿಸಲು ಬಂದ ಹೆಂಗಸರು ಅಂಗಳದಲ್ಲಿ ಕುಳಿತು ಅವರನ್ನು ಹೊಗಳಿದರು. ಒಬ್ಬಾಕೆ, "ಇಡೀ ಜನ್ಮದಾಗ ಒಮ್ಮೆ ಮರತಳು ನೋಡ್ರಿ, ಅದಕ್ಕೂ ಘಾಟ ಹತ್ತಿ ಹ್ವಾದಳು" ಅಂದಳು. ಉಳಿದವರು ಹೌದೆಂದು ತಲೆಯಾಡಿಸಿದರು. ಅವರಿಗೆ ಕುಡಿಯಲು ನೀರು ಕೊಡುತ್ತಿದ್ದ ನಾನು ಆ ದಿನವೂ ಸುಮ್ಮನೇ ಇದ್ದೆ.

ಇದನ್ನು ಆ ಹೆಂಗಸರೂ ಓದುತ್ತಾರೆ. ಓದಲಿ. ಅಂಬೋಲಿಯ ಬಾವಿಯಲ್ಲಿ ಮರೆತವಳು ನಾನು. ನಮ್ಮ ಅತ್ತೆ ಒಂದು ದಿನವೂ ಮರೆತವರಲ್ಲ.