ಗುರುಗಳ ಕೊರತೆ ಬರೆದ ವಾಕ್ಯ

ಸ್ಟರ್ಲಿಂಗ್ ಎಂಬ ಊರಿನ ನಮ್ಮ ಮನೆಯಲ್ಲೇ ಕೂತು ನಾನು ಬೇರೆ ದೇಶದ ಅಧ್ಯಾಪಕರ ಸಂಶೋಧನಾ ಲೇಖನಗಳ ಇಂಗ್ಲಿಷ್ ತಿದ್ದುತ್ತೇನೆ. ಎರಡು ವರ್ಷದ ಹಿಂದೆ ಇಂಡೋನೇಷ್ಯಾದಿಂದ ರತ್ನಾ ಎಂಬ ಅಧ್ಯಾಪಕಿಯ ಲೇಖನ ಬಂತು. ಮೀನುಗಾರರ ಹಳ್ಳಿಗಳ ಬಗ್ಗೆ ಚೆಂದದ ಕೆಲಸ. ಆದರೂ ಎರಡು ಜರ್ನಲ್‌ಗಳು ವಾಪಸ್ ಕಳಿಸಿದ್ದವು. ಪೀಠಿಕೆಯಲ್ಲಿ ಹಿಂದಿನ ಸಂಶೋಧಕರ ಬಗ್ಗೆ ಬರೀ ಗೌರವವಿತ್ತು, ಅವರು ಏನು ಬಿಟ್ಟಿದ್ದರು ಎಂಬುದು ಮಾತ್ರ ಇರಲಿಲ್ಲ.

ವಿಡಿಯೊ ಕಾಲ್ ಮಾಡಿದೆ. "ಮೇಡಂ, ಹಳೇ ಅಧ್ಯಯನದ ಕೊರತೆ ಏನು ಅಂತ ನೇರವಾಗಿ ಬರೀರಿ. ಇಲ್ಲದಿದ್ರೆ ನಿಮ್ಮದು ಯಾಕೆ ಬೇಕು ಅಂತ ಕೇಳ್ತಾರೆ."

"ಅದು ನನ್ನ ಗುರುಗಳ ಅಧ್ಯಯನ. ನಾವು ಅವರನ್ನು ಕರೆಯೋದೇ ಅಪ್ಪ ಅಂತ. ಓದಿದವರಿಗೆ ತಾನಾಗೇ ಗೊತ್ತಾಗಲ್ವಾ?"

"ಇಲ್ಲಿಯ ಜರ್ನಲ್‌ನವರಿಗೆ ಗೊತ್ತಾಗಲ್ಲ," ಅಂದೆ.

ಕೊನೆಗೆ ಆ ವಾಕ್ಯವನ್ನು ನಾನೇ ಬರೆದೆ: ಹಿಂದಿನ ಅಧ್ಯಯನ ಹೆಂಗಸರ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಸುಳ್ಳೇನಲ್ಲ. ಆದರೆ ಅಷ್ಟು ಒರಟಾಗಿ ಬರೆಯಬೇಕಿರಲಿಲ್ಲ. ಲೇಖನ ಪ್ರಕಟವಾಯಿತು.

ಕೆಲವು ತಿಂಗಳ ನಂತರ ರತ್ನಾ ಅವರೇ ಕಾಲ್ ಮಾಡಿದರು. ಗುರುಗಳು ತೀರಿಕೊಂಡಿದ್ದರು.

"ಆಸ್ಪತ್ರೆಯಲ್ಲಿ ನನ್ನಿಂದಲೇ ಲೇಖನ ಓದಿಸಿಕೊಂಡರು. 'ಈ ವಾಕ್ಯ ನಿನ್ನದೇನಮ್ಮಾ?' ಅಂತ ಕೇಳಿದ್ರು."

"ನಾನು ಬರೆದದ್ದು ಅಂತ ಹೇಳಬೇಕಿತ್ತು, ಮೇಡಂ."

"ಹೇಗೆ ಹೇಳಲಿ? ಲೇಖನ ನನ್ನದಲ್ವಾ? ಹೌದು ಅಂದೆ. ಮುಖ ಆ ಕಡೆ ತಿರುಗಿಸಿಕೊಂಡ್ರು."

ಫೋನಿಟ್ಟ ಮೇಲೆ ಲೇಖನವನ್ನು ಮತ್ತೆ ತೆಗೆದು ನೋಡಿದೆ. ಕೃತಜ್ಞತೆಯ ಸಾಲುಗಳಲ್ಲಿ ಗುರುಗಳ ಹೆಸರಿನ ಕೆಳಗೇ ನನ್ನ ಹೆಸರೂ ಇದೆ, ಭಾಷೆಯನ್ನು ಅಂದಗೊಳಿಸಿದ್ದಕ್ಕೆ.